ಹಾಡಿಗೆ ತಕ್ಕ ಪಡಿ

ತಂದೆಯವರು ಊರಿನಿಂದ ತಂದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತ ನಾವು ಎಂಪಿ3ಯ ಚರಿತ್ರೆಯನ್ನು ಕೆದಕಿದೆವು. ಸಿ.ಡಿ. ಸಂಗೀತಕ್ಕೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ ಬೇಕು. ಕಿವಿಗೆ ಕೇಳಿಸದ್ದನ್ನು ಕೈಬಿಟ್ಟು ಇದನ್ನು ಕುಗ್ಗಿಸುವ ಕೆಲಸಕ್ಕೆ 1980ರ ದಶಕದಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಕೈಹಾಕಿದರು. ಅವರನ್ನು ಕಾಡಿದ್ದು ವಾದ್ಯವೃಂದವಲ್ಲ, ಪಕ್ಕವಾದ್ಯವಿಲ್ಲದೆ ಸುಜಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್'. ಒಂಟಿ ದನಿಯಲ್ಲಿ ದೋಷಕ್ಕೆ ಮರೆಯೆಲ್ಲಿ? ಅದನ್ನೇ ಮತ್ತೆ ಮತ್ತೆ ಕೇಳಿ ತಿದ್ದಿದರು. 1995ರಲ್ಲಿ ಎಂಪಿ3 ಎಂಬ ಹೆಸರಾಯಿತು.

ಆಗ ಹೆಚ್ಚಾಗಿ ಎಲ್ಲ ಸೆಕೆಂಡಿಗೂ ಒಂದೇ ಪಡಿ, 1,28,000 ಬಿಟ್, ರೇಷನ್ ಅಂಗಡಿಯಂತೆ! 1998ರಲ್ಲಿ ಆರಂಭವಾದ ಲೇಮ್ ತಂತ್ರಾಂಶ ಬದಲಾಗುವ ಪಡಿಗೆ ಹೆಸರಾಯಿತು: ಮೌನಕ್ಕೆ ಕಡಿಮೆ, ಮೃದಂಗದ ಪೆಟ್ಟಿಗೆ ಹೆಚ್ಚು. ಹಳೆಯ ಟೇಪಿನ ಸುಯ್ಯೆನ್ನುವ ಸದ್ದೂ ಪಾಲು ಕೇಳುತ್ತದೆ! ಕೈಬಿಟ್ಟದ್ದು ಮಾತ್ರ ಮರಳಿ ಬಾರದು. ಕ್ಯಾಸೆಟ್ಟುಗಳನ್ನು ನಾವಿನ್ನೂ ಎಸೆದಿಲ್ಲ.