ಮಾರುವವನ ಮೌನ

ದಾಂಡೇಲಿಯ ಡಿಪೋದಲ್ಲಿ ಸಾಗುವಾನಿ ನಾಟಾ ಹರಾಜಾಗುತ್ತದೆ. ಹಳಿಯಾಳ, ಮುಂಡಗೋಡಗಳಲ್ಲಿ ಭತ್ತದ ಬೀಜ, ಎತ್ತು, ಎಮ್ಮೆಗಳು ಕೈ ಬದಲಾಗುತ್ತವೆ. ಜೋಯಿಡಾದ ಕಾಡಂಚಿನಲ್ಲಿ ಜಮೀನು ಮಾರಾಟಕ್ಕೆ ಬರುತ್ತದೆ. ತನ್ನ ಮಾಲಿನ ದೋಷವನ್ನು ಬಲ್ಲವನು, ಎದುರಿನವರು ಕೇಳದಿದ್ದರೂ ಅದನ್ನು ಹೇಳಬೇಕೇ? ಈ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಬನವಾಸಿ ನಾಡು ಆಗ ಇದೇ ದೊರೆಯ ಆಳ್ವಿಕೆಯಲ್ಲಿತ್ತು. ಕೊಂಡ ವಸ್ತುವನ್ನು ಪರೀಕ್ಷಿಸಲು ಆ ಸ್ಮೃತಿ ದಿನಗಳನ್ನು ಗೊತ್ತುಮಾಡಿದೆ: ಕಬ್ಬಿಣಕ್ಕೆ 1 ದಿನ, ಹಾಲು ಕರೆಯುವ ಪ್ರಾಣಿಗೆ 3, ಹೊರೆ ಎಳೆಯುವ ಪ್ರಾಣಿಗೆ 5, ರತ್ನಕ್ಕೆ 7, ಬೀಜಕ್ಕೆ 10. ಆಳುಗಳಾಗಿ ಮಾರಲ್ಪಟ್ಟ ಮನುಷ್ಯರೂ ಆ ಪಟ್ಟಿಯಲ್ಲಿದ್ದಾರೆ ಎಂಬುದು ಆ ಕಾಲದ ಕಹಿ ಸತ್ಯ. ಆದರೆ ಲೆಕ್ಕದ ತರ್ಕ ಗಮನಾರ್ಹವಾದುದು. ಹಾಲು ಎಷ್ಟೆಂದು ಮೂರು ದಿನ ಕರೆದರೆ ತಿಳಿಯುತ್ತದೆ. ಮೊಳಕೆ ಬರುವುದೋ ಇಲ್ಲವೋ ಎಂದು ತಿಳಿಯಲು ಹತ್ತು ದಿನ ಬೇಕು. ವಸ್ತು ತನ್ನ ಗುಟ್ಟನ್ನು ತಾನೇ ಹೇಳಲು ಹಿಡಿಯುವ ಕಾಲವೇ ಪರೀಕ್ಷೆಯ ಅವಧಿ. ದೋಷವುಳ್ಳದ್ದನ್ನು ದೋಷವಿಲ್ಲದ್ದರಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನೂ ಸ್ಮೃತಿ ವಿಧಿಸುತ್ತದೆ.

ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಹತ್ತು ವರ್ಷಗಳ ನಂತರ ಬಂದ ಭಾರತೀಯ ಕರಾರು ಕಾಯಿದೆ (1872) ಇಂಗ್ಲೆಂಡಿನ ವಿಚಾರವನ್ನು ತಂದಿತು: ಕೊಳ್ಳುವವನೇ ಎಚ್ಚರವಾಗಿರಬೇಕು. ಕಾಯಿದೆಯ 17ನೆಯ ಕಲಮಿನ ಪ್ರಕಾರ ಬರಿಯ ಮೌನ ವಂಚನೆಯಲ್ಲ. ರೋಗವಿರುವ ಕುದುರೆಯನ್ನು ಹರಾಜಿನಲ್ಲಿ ಮಾರಿದವನು ಸುಮ್ಮನಿದ್ದರೆ ತಪ್ಪಿಲ್ಲ ಎಂಬ ಉದಾಹರಣೆ ಅಲ್ಲಿಯೇ ಇದೆ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾದರೆ ಮಾತ್ರ ಹೇಳಲೇಬೇಕು. 1930ರ ಸರಕು ಮಾರಾಟ ಕಾಯಿದೆ ಈ ಬಿಗಿಯನ್ನು ಕೊಂಚ ಸಡಿಲಿಸಿತು. ಆದರೂ ನಾಟಾ ನೋಡಿ ಕೊಂಡವನು, ನೋಡಿದಾಗ ಕಾಣಬೇಕಿದ್ದ ಬಿರುಕಿನ ಬಗ್ಗೆ ಆಮೇಲೆ ದೂರುವಂತಿಲ್ಲ.

ಜಮೀನಿನ ವಿಷಯ ಬೇರೆ. ಹತ್ತು ದಿನವಲ್ಲ, ಹತ್ತು ಬೆಳೆ ತೆಗೆದರೂ ಹಕ್ಕಿನ ದೋಷ ಮಣ್ಣಿನಲ್ಲಿ ಕಾಣುವುದಿಲ್ಲ. ಅದು ಇರುವುದು ಕಾಗದದಲ್ಲಿ. ಆದ್ದರಿಂದಲೇ 1882ರ ಸ್ವತ್ತು ಹಸ್ತಾಂತರ ಕಾಯಿದೆ, ಅದರ 55ನೆಯ ಕಲಮಿನಲ್ಲಿ, ಮಾರುವವನಿಗೆ ಬಾಯಿ ಬಿಡಲು ಹೇಳುತ್ತದೆ. ಇದು ಮುಂಬಯಿ ಪ್ರಾಂತಕ್ಕೆ 1893ರಲ್ಲಿ ಅನ್ವಯವಾಯಿತು. ತನಗೆ ಗೊತ್ತಿದ್ದು, ಕೊಳ್ಳುವವನು ಸಾಧಾರಣ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕು. ತಿಳಿಸದಿದ್ದರೆ ಅದು ವಂಚನೆ. ಮಾರುವವನಿಗೆ ತನ್ನ ಹಕ್ಕು ಎಷ್ಟೆಂದು ತಿಳಿಯದೆ, ಅದರಿಂದ ಆ ಹಕ್ಕಿನ ಬೆಲೆ ಹೆಚ್ಚುವುದೆಂದು ಕೊಳ್ಳುವವನು ಬಲ್ಲನಾದರೆ, ಹೇಳುವ ಹೊಣೆ ಅವನದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ಪುಸ್ತಕದ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ ದೊರೆತ ಜಮೀನು ಮಕ್ಕಳಿಗೆ ಹೋಗುತ್ತದೆ, ಆದರೆ ಅದನ್ನು ಮಾರುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ, 1978ರ ರಾಜ್ಯ ಕಾಯಿದೆಯಂತೆ ಆ ವ್ಯವಹಾರ ಅಸಿಂಧು. ಈ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇಂಥ ಜಮೀನು ಕೈಬಿಟ್ಟರೆ ಬಡ ಕುಟುಂಬಕ್ಕೆ ನೆಲೆ ಹೋಗುತ್ತದೆ. ತಿಳಿಯದೆ ಕೊಂಡವನಿಗೆ ದುಡ್ಡು ಹೋಗುತ್ತದೆ. ಮಾರುವವನಿಗೇ ಈ ನಿರ್ಬಂಧ ಗೊತ್ತಿರದಿದ್ದರೆ ಹೇಳುವ ಹೊಣೆ ಅವನ ಮೇಲೆ ಬೀಳುವುದಿಲ್ಲ. ನಡುವೆ ನಿಂತ ದಲ್ಲಾಳಿಗೆ ಎಲ್ಲ ಗೊತ್ತಿದ್ದರೂ 55ನೆಯ ಕಲಮು ಹೊಣೆ ಹೊರಿಸುವುದು ಮಾರುವವನ ಮತ್ತು ಕೊಳ್ಳುವವನ ಮೇಲೆ ಮಾತ್ರ.

ಇದಕ್ಕೆ ಉಪಾಯವನ್ನು 1872ರ ಕಾಯಿದೆಯೇ ಸೂಚಿಸಿದೆ. 'ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ' ಎಂದು ಕೊಳ್ಳುವವನು ಹೇಳಿದ ಮೇಲೆ, ಮಾರುವವನ ಮೌನವೂ ಮಾತಿಗೆ ಸಮ. ಆದುದರಿಂದ ಮುಂಗಡ ಕೊಡುವ ಮೊದಲು ಉತಾರ ತೆಗೆಸಿ ಓದಿಸಬೇಕು. ಇದು ಮಂಜೂರಾದ ಜಮೀನೇ, ಅರಣ್ಯ ಹಕ್ಕಿನದೇ, ಪಾಲುದಾರರು ಯಾರು ಎಂದು ನಾಲ್ಕು ಜನರ ಎದುರು ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು.