ವಿಮಾನ ಚಾಲಕರ ಹಕ್ಕುಗಳ ಹೋರಾಟ

ಪೈಲಟ್ ದುಡಿಮೆಗಾರನೋ, ಸಾಹೇಬನೋ? ಭಾರತದಲ್ಲಿ ವಿಮಾನ ಚಾಲಕರಿಗೆ ಸಿಕ್ಕ, ಸಿಗದೆ ಹೋದ ಆಸರೆಯ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಗೇ ತಗಲಿಕೊಂಡಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ‘ಕಾರ್ಮಿಕ’ನಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ತೆರೆಯುತ್ತಿತ್ತು, ಆಡಳಿತ ವರ್ಗದವನಿಗೆ ತೆರೆಯುತ್ತಿರಲಿಲ್ಲ. ಪೈಲಟ್ ಕಾರ್ಮಿಕನೇ ಎಂದು ದೆಹಲಿ ಹೈಕೋರ್ಟ್ ಹೇಳಿದೆ.

ಅಮೆರಿಕದ ಪೈಲಟ್‌ಗಳು 1931ರಲ್ಲೇ ಸಂಘ ಕಟ್ಟಿಕೊಂಡಿದ್ದರು. ನಮ್ಮ ಖಾಸಗಿ ಕಂಪನಿಗಳಲ್ಲಿ ಸಂಘ ಕಟ್ಟುವುದೇ ತಪ್ಪೆನಿಸಿತ್ತು. 2009ರ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಕಟ್ಟಿದ ಇಬ್ಬರನ್ನು ಜೆಟ್ ಏರ್‌ವೇಸ್ ಕೆಲಸದಿಂದ ತೆಗೆದಾಗ ನೂರಾರು ಪೈಲಟ್‌ಗಳಿಗೆ ಒಮ್ಮೆಲೇ ‘ಹುಷಾರು ತಪ್ಪಿತು’. ಐದು ದಿನಗಳ ಆ ಸಾಮೂಹಿಕ ರಜೆ ರಾಜಿಯಲ್ಲಿ ಮುಗಿದು, ಇಬ್ಬರೂ ಕೆಲಸಕ್ಕೆ ಮರಳಿದರು.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಕಥೆ ಹೀಗೆ ಮುಗಿಯಲಿಲ್ಲ. ವಿಜಯ್ ಮಲ್ಯ 2005ರಲ್ಲಿ ಹಾರಿಸಿದ ಈ ಸಂಸ್ಥೆಯಲ್ಲಿ 2012ರ ಹೊತ್ತಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಕೈತುಂಬ ಸಂಬಳದ ಕೆಲಸದವರೆಂದು ಊರೆಲ್ಲ ನಂಬಿದ್ದವರು ಮನೆ ಸಾಲದ ಕಂತಿಗೆ ತಡಕಾಡಿದರು. ಪೈಲಟ್‌ಗಳೂ ಎಂಜಿನಿಯರುಗಳೂ ಕೆಲಸ ನಿಲ್ಲಿಸಿದರು. ಅಕ್ಟೋಬರ್ 1ರಂದು ಆಡಳಿತ ಬೀಗಮುದ್ರೆ ಘೋಷಿಸಿತು, 20ರಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ಪರವಾನಗಿ ಅಮಾನತು ಮಾಡಿತು. ಬಾಕಿಯಲ್ಲಿ ಕೆಲವು ತಿಂಗಳಿನದನ್ನು ಕೊಡುವ ಭರವಸೆ ನಂಬಿ ನೌಕರರು ಕೆಲಸಕ್ಕೆ ಮರಳಿದರೂ ವಿಮಾನ ಮತ್ತೆ ಮೇಲೇಳಲಿಲ್ಲ. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯ ಸಮಾಪನೆಗೆ ಆದೇಶಿಸಿತು.

ಸಮಾಪನೆಯಲ್ಲೂ ಅದೇ ಹಳೆಯ ಪದ ಅಡ್ಡ ಬಂತು. 1956ರ ಕಂಪನಿ ಕಾಯ್ದೆಯಂತೆ ‘ಕಾರ್ಮಿಕ’ರ ಬಾಕಿ ಅಡಮಾನ ಹಿಡಿದ ಬ್ಯಾಂಕುಗಳ ಸಾಲಕ್ಕೆ ಸರಿಸಮ, ಉಳಿದ ನೌಕರರು ಹಿಂದಿನ ಸಾಲಿನಲ್ಲಿ ನಿಲ್ಲಬೇಕಿತ್ತು.

ಸರ್ಕಾರಿ ಸಂಸ್ಥೆಯಲ್ಲಿದ್ದವರನ್ನು ನ್ಯಾಯಾಲಯ ಬೇಗ ಕೈಹಿಡಿಯಿತು. ಸಂಬಳ ತಡವಾಗಿ ಬರುತ್ತಿದೆಯೆಂದು ಕೊಟ್ಟಿದ್ದ ರಾಜೀನಾಮೆಯನ್ನು ಹಿಂಪಡೆದರೂ ಏರ್ ಇಂಡಿಯಾ ಹೊರಹಾಕಿದ್ದ ಪೈಲಟ್‌ಗಳನ್ನು ಮರುನೇಮಿಸಿ, ಹಿಂಬಾಕಿ ಕೊಡುವಂತೆ ದೆಹಲಿ ಹೈಕೋರ್ಟ್ 2021ರ ಜೂನ್ 1ರಂದು ಆದೇಶಿಸಿತು. ಕಂಪನಿ ಬಿಡುವ ದಾರಿ ಮಾತ್ರ ಇಕ್ಕಟ್ಟಾಗಿಯೇ ಉಳಿದಿದೆ: 2017ರಿಂದ ವಿಮಾನದ ಮುಖ್ಯ ಪೈಲಟ್ ಆದ ಕಮಾಂಡರ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು.

ಈಚಿನ ಜಗಳ ನಿದ್ದೆಯದು. ಪೈಲಟ್ ಸಂಘಗಳು ಕೋರ್ಟಿನ ಮೆಟ್ಟಿಲೇರಿದ ಮೇಲೆ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೇರಿತು. ಹೊಸ ನಿಯಮ ಪೂರ್ತಿ ಜಾರಿಯಾದ ಮರುತಿಂಗಳೇ, 2025ರ ಡಿಸೆಂಬರಿನಲ್ಲಿ, ಪೈಲಟ್‌ಗಳು ಸಾಲದೆ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಕಾದು ಬಸವಳಿದರು. ಡಿಜಿಸಿಎ ಹೊಸ ನಿಯಮಗಳ ರಾತ್ರಿಪಾಳಿಯ ಭಾಗದಿಂದ ಕಂಪನಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು.