ರಜೆಗೆ ಬಂದ ನೆಂಟರಿಗೆ ಪುಣೆ: ನೋಡುವುದು, ತಿನ್ನುವುದು, ಕೊಳ್ಳುವುದು

ಬೇಸಿಗೆ ರಜೆ, ದಸರಾ, ದೀಪಾವಳಿ ಎಂದರೆ ಪುಣೆಯಲ್ಲಿ ನೆಲೆಸಿರುವ ಕನ್ನಡ ಮನೆಗಳಿಗೆ ನೆಂಟರ ಕಾಲ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಉಡುಪಿ, ಬೆಂಗಳೂರುಗಳಿಂದ ಅಣ್ಣತಮ್ಮಂದಿರು, ಬೀಗರು, ಸೋದರತ್ತೆಯರು ಮಕ್ಕಳು ಮೊಮ್ಮಕ್ಕಳೊಡನೆ ಬಂದಿಳಿಯುತ್ತಾರೆ. ಕೈಯಲ್ಲಿ ಎರಡು ಮೂರು ದಿನ, ಮನಸ್ಸಿನಲ್ಲಿ ಉದ್ದನೆಯ ಪಟ್ಟಿ. ಮೊಣಕಾಲು ನೋವಿನ ಹಿರಿಯರು ಒಂದೆಡೆ, ಕ್ಷಣವೂ ನಿಲ್ಲದ ಮಕ್ಕಳು ಇನ್ನೊಂದೆಡೆ. ಅದರ ಮೇಲೆ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಊರಿಗೂ ತಮ್ಮ ಮನೆಮಾತಿಗೂ ಏನು ಸಂಬಂಧ ಎಂಬ ಪ್ರಶ್ನೆ ಹುಟ್ಟುವುದು ಸಾಮಾನ್ಯವಾಗಿ ಊರಿನ ನೆಂಟರು ಬಂದಾಗಲೇ. ಇವೆಲ್ಲವನ್ನೂ ನೆನಪಿನಲ್ಲಿಟ್ಟು, ಊರು ತೋರಿಸುವ ಹೊಣೆ ಹೊತ್ತ ಕುಟುಂಬಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒಂದೆಡೆ ಕೂಡಿಸಿದ್ದೇವೆ.

ಬರುವವರಿಗೆ ಮೊದಲು ದಾರಿ. ಬೆಂಗಳೂರು, ರಾಯಚೂರು, ಕಲಬುರಗಿಗಳ ಕಡೆಯವರಿಗೆ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹಳೆಯ ಪರಿಚಯ. ಉತ್ತರ ಕರ್ನಾಟಕದವರಿಗೆ 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ದೊರೆಯಿತು. ಧಾರವಾಡ, ಬೆಳಗಾವಿ, ಮೀರಜ್, ಸಾಂಗ್ಲಿ, ಸಾತಾರಾಗಳ ಮೇಲೆ ಬರುವ ಈ ರೈಲು ಆರಂಭದಲ್ಲಿ ವಾರಕ್ಕೆ ಮೂರು ದಿನ ಮಾತ್ರ ಓಡುತ್ತಿತ್ತು. ಆದ್ದರಿಂದ ದಿನವನ್ನು ವಿಚಾರಿಸಿಯೇ ಟಿಕೆಟ್ಟು ತೆಗೆಸುವುದು ಲೇಸು. ಊರೊಳಗಿನ ಓಡಾಟಕ್ಕೆ ಮೆಟ್ರೊ ಇದೆ. 2022ರ ಮಾರ್ಚ್ 6ರಂದು ಆರಂಭವಾದ ಮೆಟ್ರೊ, 2024ರ ಸೆಪ್ಟೆಂಬರ್ 29ರಂದು ಸಿವಿಲ್ ಕೋರ್ಟಿನಿಂದ ಸ್ವಾರಗೇಟಿನವರೆಗೆ ನೆಲದಡಿಯಲ್ಲಿ ಹರಿದ ಮೇಲೆ ಹಳೆಯ ಪೇಟೆಗಳನ್ನು ನೋಡುವ ಕ್ರಮವೇ ಬದಲಾಗಿದೆ. ಕಸಬಾ ಪೇಟೆ ಮತ್ತು ಮಂಡಯಿ ನಿಲ್ದಾಣಗಳಲ್ಲಿ ಇಳಿದರೆ ಲಿಫ್ಟಿನಲ್ಲಿ ಮೇಲೆ ಬಂದು ನೇರ ಪೇಟೆಯ ನಡುವೆ ನಿಲ್ಲಬಹುದು. ಲಕ್ಷ್ಮೀ ರಸ್ತೆಯ ಸುತ್ತ ಕಾರು ನಿಲ್ಲಿಸಲು ಸ್ಥಳ ಹುಡುಕುತ್ತ ಅರ್ಧ ದಿನ ಕಳೆಯುವ ಕಾಲ ಮುಗಿಯಿತೆಂದೇ ನಮ್ಮ ಎಣಿಕೆ.

ರಾಷ್ಟ್ರಕೂಟರ ಕಾಲದ ಪುಣೆ

ಊರು ತೋರಿಸುವುದನ್ನು ಎಲ್ಲರೂ ಶನಿವಾರವಾಡೆಯಿಂದ ಆರಂಭಿಸುತ್ತಾರೆ. ನಾವು ಪಾತಾಳೇಶ್ವರದಿಂದ ಆರಂಭಿಸಿರೆಂದು ಹೇಳುತ್ತೇವೆ. ಜಂಗಲಿ ಮಹಾರಾಜ ರಸ್ತೆಯ ಗದ್ದಲದ ಅಂಚಿನಲ್ಲಿ, ರಸ್ತೆಯ ಮಟ್ಟಕ್ಕಿಂತ ಕೆಳಗೆ, ಒಂದೇ ಕರಿಬಂಡೆಯಲ್ಲಿ ಕೊರೆದ ಗುಹಾದೇವಾಲಯವಿದು. ಕಾಲ ಎಂಟನೆಯ ಶತಮಾನ, ರಾಷ್ಟ್ರಕೂಟರ ಯುಗ. ಅಂಗಳದ ನಡುವಿನ ನಂದಿಮಂಟಪ ದುಂಡಗೆ, ಕೊಡೆ ಬಿಚ್ಚಿಟ್ಟಂತೆ ಇದೆ. ನಾಡಿನ ನಂದಿಮಂಟಪಗಳನ್ನು ಬೇಕಾದಷ್ಟು ಕಂಡ ಹಿರಿಯರೂ ಇದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಒಳಗಿನ ಕಂಬಗಳು ಚೌಕ, ಅಲಂಕಾರ ಕಡಿಮೆ, ಕೆಲಸ ಪೂರ್ತಿಯಾಗಿಲ್ಲ. ಬಾದಾಮಿಯ ಗುಹೆಗಳ ಕುಸುರಿಯನ್ನು ಇಲ್ಲಿ ನಿರೀಕ್ಷಿಸಬಾರದು. ಇಲ್ಲಿಯ ಸೊಗಸು ಇರುವುದು ತಣ್ಣನೆಯ ಕತ್ತಲೆಯಲ್ಲಿ, ಬಂಡೆಯ ಗಾತ್ರದಲ್ಲಿ.

ಇದಕ್ಕಿಂತಲೂ ನಮ್ಮ ಮಕ್ಕಳಿಗೆ ಹೇಳಬೇಕಾದ ಸಂಗತಿ ಇನ್ನೊಂದಿದೆ. ಪುಣೆ ಎಂಬ ಹೆಸರು ಬರಹದಲ್ಲಿ ಮೊದಲು ಕಾಣಿಸುವುದು ರಾಷ್ಟ್ರಕೂಟರ ತಾಮ್ರಪಟಗಳಲ್ಲಿ. ಕ್ರಿ.ಶ. 758 ಮತ್ತು 768ರ ಈ ದಾನಶಾಸನಗಳು ಒಂದನೆಯ ಕೃಷ್ಣನ ಕಾಲದವು. ಅವುಗಳಲ್ಲಿ ಈ ಪ್ರದೇಶಕ್ಕೆ ‘ಪುಣ್ಯವಿಷಯ’, ‘ಪುಣಕವಿಷಯ’ ಎಂಬ ಹೆಸರುಗಳಿವೆ. ‘ವಿಷಯ’ವೆಂದರೆ ಆಗಿನ ಆಡಳಿತ ವಿಭಾಗ, ಇಂದಿನ ಜಿಲ್ಲೆಯಂತೆ. ಎಲ್ಲೋರದ ಕೈಲಾಸ ದೇವಾಲಯದೊಡನೆ ಹೆಸರು ಬೆಸೆದುಕೊಂಡಿರುವ ಅರಸ ಇದೇ ಕೃಷ್ಣ. ಇದೇ ವಂಶದವರು ಮುಂದೆ ಮಾನ್ಯಖೇಟವನ್ನು, ಅಂದರೆ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿ ಮಾಡಿಕೊಂಡರು. ಪೇಶ್ವೆಯರ ಪುಣೆಗೆ ಸುಮಾರು ಒಂದು ಸಾವಿರ ವರ್ಷ ಮೊದಲಿನ ಮಾತಿದು. ಊರು ಯಾರದೆಂದು ವಾದಿಸಲು ಇದನ್ನು ಬಳಸುವುದು ಹುಡುಗಾಟವಾದೀತು. ಆದರೆ ಈ ನೆಲಕ್ಕೂ ಕನ್ನಡ ನಾಡಿಗೂ ಹೋಗಿಬರುವ ದಾರಿ ಬಹಳ ಹಳೆಯದು ಎಂದು ಮಗುವಿಗೆ ತೋರಿಸಲು ಈ ಬಂಡೆಯಷ್ಟು ಒಳ್ಳೆಯ ಸಾಕ್ಷಿ ನಗರದಲ್ಲಿ ಬೇರೊಂದಿಲ್ಲ. ಡೆಕ್ಕನ್ ಜಿಮಖಾನಾದ ಕಡೆಯ ಮೆಟ್ರೊ ನಿಲ್ದಾಣಗಳಿಂದ ಇಲ್ಲಿಗೆ ನಡೆದು ಬರಬಹುದು.

ಪೇಶ್ವೆಯರ ಪೇಟೆಗಳಲ್ಲಿ

ಶನಿವಾರವಾಡೆಗೆ ಒಂದನೆಯ ಬಾಜಿರಾಯನು 1730ರ ಜನವರಿಯಲ್ಲಿ ಅಡಿಗಲ್ಲಿಟ್ಟನು. 1732ರಲ್ಲಿ ಗೃಹಪ್ರವೇಶವಾಯಿತು. 1828ರ ಬೆಂಕಿಯಲ್ಲಿ ಒಳಗಿನ ಮರದ ಅರಮನೆ ಸುಟ್ಟು, ಉಳಿದದ್ದು ಕೋಟೆಗೋಡೆ, ಬಾಗಿಲುಗಳು ಮತ್ತು ಕಾರಂಜಿಗಳ ತಳಪಾಯ. ಒಳಗೆ ಅರಮನೆಯನ್ನು ಹುಡುಕುವವರಿಗೆ ನಿರಾಶೆಯಾಗುತ್ತದೆ. ಮೊಳೆ ಬಡಿದ ದಿಲ್ಲಿ ದರವಾಜೆಯನ್ನೂ ಅದರ ಮೇಲಿನ ನಗಾರಖಾನೆಯನ್ನೂ ನಿಂತು ನೋಡಿ, 1773ರಲ್ಲಿ ತರುಣ ಪೇಶ್ವೆ ನಾರಾಯಣರಾಯನ ಕೊಲೆ ಇಲ್ಲಿಯೇ ನಡೆಯಿತೆಂಬ ಕಥೆಯನ್ನು ಮಕ್ಕಳಿಗೆ ಹೇಳಿದರೆ ಅಲ್ಲಿಗೆ ಸಾಕು. ಸನಿಹದ ಲಾಲ್ ಮಹಲ್ ಶಿವಾಜಿ ಮಹಾರಾಜರ ಬಾಲ್ಯದ ನೆನಪಿಗೆ ನಂತರ ಕಟ್ಟಿದ ಕಟ್ಟಡ. ಮೂಲದ್ದು ಉಳಿದಿಲ್ಲ.

ಸಮಯ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾದರೆ ನಮ್ಮ ಮತ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ. ದಿನಕರ ಕೇಳ್ಕರರು ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಕೂಡಿಸಿದ ಈ ಸಂಗ್ರಹವನ್ನು 1962ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ರಾಜರ ಕತ್ತಿಗಳಿಗಿಂತ ಇಲ್ಲಿ ಮನೆಯ ಸಾಮಾನಿಗೆ ಹೆಚ್ಚು ಮರ್ಯಾದೆ. ಬಗೆಬಗೆಯ ದೀಪಗಳು, ಅಡಕತ್ತರಿಗಳು, ಅಡುಗೆಯ ಪಾತ್ರೆಗಳು, ಕೆತ್ತಿದ ಬಾಗಿಲುಗಳು. ಊರಿನಿಂದ ಬಂದ ಅಜ್ಜಿಯಂದಿರು ‘ಇದು ನಮ್ಮ ಅಟ್ಟದ ಮೇಲಿತ್ತಲ್ಲ’ ಎನ್ನುವ ವಸ್ತುಗಳು ಹೆಜ್ಜೆಗೊಂದರಂತೆ ಸಿಗುತ್ತವೆ. ಮೊಮ್ಮಕ್ಕಳಿಗೆ ಅವುಗಳ ಕನ್ನಡ ಹೆಸರುಗಳನ್ನು ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೆಟ್ಟಿಲುಗಳಿವೆ. ಹಿರಿಯರೊಡನೆ ನಿಧಾನವಾಗಿ ನೋಡಬೇಕು.

ಪರ್ವತಿ ಗುಡ್ಡದ 103 ಮೆಟ್ಟಿಲುಗಳನ್ನು ಬೆಳಗಿನ ತಂಪಿನಲ್ಲಿ ಹತ್ತಬಲ್ಲವರು ಹತ್ತಲಿ. ಪಾಣಿಪತದ ಸೋಲಿನ ಎದೆಗುದಿಯಲ್ಲಿ ನಾನಾಸಾಹೇಬ ಪೇಶ್ವೆ 1761ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿ. ಹತ್ತಲಾರದವರಿಗೆ ಕೆಳಗಿನ ಸಾರಸಬಾಗಿನ ಗಣಪತಿ ಇದ್ದಾನೆ.

ನಗರ ರಸ್ತೆಯ ಆಗಾಖಾನ್ ಅರಮನೆಯನ್ನು ಪ್ರೇಕ್ಷಣೀಯ ಸ್ಥಳವೆಂದು ಕರೆಯಲು ನಮಗೆ ಮನಸ್ಸು ಬಾರದು. 1892ರ ಈ ಕಟ್ಟಡದಲ್ಲಿ 1942ರ ಆಗಸ್ಟಿನಿಂದ 1944ರ ಮೇ ವರೆಗೆ ಗಾಂಧೀಜಿ ಬಂಧನದಲ್ಲಿದ್ದರು. ಬಂಧನವಾದ ಆರನೆಯ ದಿನವೇ, 1942ರ ಆಗಸ್ಟ್ 15ರಂದು, ಮಹಾದೇವ ದೇಸಾಯಿ ಇಲ್ಲಿ ತೀರಿಕೊಂಡರು. 1944ರ ಫೆಬ್ರುವರಿ 22ರಂದು ಕಸ್ತೂರ್‌ಬಾ ಹೋದರು. ಇಬ್ಬರ ಸಮಾಧಿಗಳೂ ಇದೇ ಆವರಣದಲ್ಲಿವೆ. ಮಕ್ಕಳು ಹುಲ್ಲಿನ ಮೇಲೆ ಓಡಾಡಲಿ, ತಪ್ಪಿಲ್ಲ. ಹಿಂದಿನ ಆ ಮೂಲೆಗೆ ಕರೆದೊಯ್ಯದೆ ಮರಳಬಾರದು. ಮೆಟ್ರೊದಲ್ಲಿ ಬರುವವರಿಗೆ ಕಲ್ಯಾಣಿನಗರ ನಿಲ್ದಾಣ ಅನುಕೂಲ.

ಡಿಸೆಂಬರಿನಲ್ಲಿ ಬರುವ ನೆಂಟರಲ್ಲಿ ಸಂಗೀತಪ್ರಿಯರಿದ್ದರೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ದಿನಗಳನ್ನು ಮೊದಲೇ ತಿಳಿಸಿರಿ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದುಗಿನ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವವಿದು. ಗುರುಗಳೂ ಶಿಷ್ಯರೂ ಧಾರವಾಡ ಸೀಮೆಯವರು, ಕೇಳಿ ಬೆಳೆಸಿದ ಊರು ಪುಣೆ. 2011ರಲ್ಲಿ ಜೋಶಿಯವರು ತೀರಿಕೊಂಡ ಬಳಿಕ ಅವರ ಹೆಸರೂ ಉತ್ಸವಕ್ಕೆ ಸೇರಿತು. ಬಹುಕಾಲ ರಮಣಬಾಗ ಶಾಲೆಯ ಅಂಗಳದಲ್ಲಿ ನಡೆದು, 2018ರಿಂದ ಮುಕುಂದನಗರಕ್ಕೆ ಸ್ಥಳಾಂತರವಾಗಿದೆ.

ಊಟ ತಿಂಡಿ

ಪುಣೆಯ ಹೋಟೆಲುಗಳ ಇತಿಹಾಸದಲ್ಲಿ ನಮ್ಮ ಕರಾವಳಿಯವರ ಪಾಲು ದೊಡ್ಡದು. ಫರ್ಗುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಹೆಸರುವಾಸಿ ಮಾಡಿದ ಜಗನ್ನಾಥ ಶೆಟ್ಟರು ಅತ್ತಲಿಂದ ಚಿಕ್ಕ ವಯಸ್ಸಿನಲ್ಲಿಯೇ ಬಂದವರು. 2023ರ ನವೆಂಬರಿನಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕಾಲೇಜು ದಿನಗಳನ್ನು ಅಲ್ಲಿಯ ಮೇಜುಗಳ ಸುತ್ತ ಕಳೆದ ಮರಾಠಿ ಮನೆಗಳವರೂ ಮರುಗಿದರು. ಆದರೆ ಊರಿನಿಂದ ಬಂದವರನ್ನು ಇಡ್ಲಿ ದೋಸೆ ತಿನ್ನಿಸಲು ಅಲ್ಲಿಗೆ ಕರೆದೊಯ್ಯುವುದೇಕೆ? ಸೇವು, ಬಟಾಟೆ, ಮೊಸರು ಸೇರಿದ ಎಸ್‌ಪಿಡಿಪಿ ಎಂಬ ಪುರಿಯನ್ನು ತರಿಸಿರಿ. ರಜೆಯ ದಿನ ಸರದಿ ತಪ್ಪಿದ್ದಲ್ಲ. ಕಾಯುವಾಗ ಎದುರಿನ ಕಾಲೇಜಿನ ಕಡೆ ಕೈತೋರಿಸಿ, ನಮ್ಮ ದ. ರಾ. ಬೇಂದ್ರೆಯವರು ಬಿ.ಎ. ಓದಿದ್ದು ಇಲ್ಲಿಯೇ ಎಂದು ಹೇಳಬಹುದು. ಅವರು ಪದವಿ ಪಡೆದದ್ದು 1918ರಲ್ಲಿ.

ಮಿಸಳ್ ಪುಣೆಯ ಹೆಮ್ಮೆ. ಮೊಳಕೆಕಾಳಿನ ಉಸುಳಿಯ ಮೇಲೆ ಫರಸಾಣ, ಅದರ ಮೇಲೆ ಕೆಂಪು ರಸ. ನಾರಾಯಣ ಪೇಟೆಯ ಬೇಡೇಕರ್ ಅವರಲ್ಲಿ ತುಸು ಸಿಹಿ, ಹಾಗಾಗಿ ಮಕ್ಕಳಿಗೂ ಆದೀತು. ಖಾರವೇ ಬೇಕೆನ್ನುವ ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ಕಾಟಾಕಿರ್ರ್‌ನ ಮಿಸಳ್ ತಕ್ಕದ್ದು. ಪಿಠಲೆ ಭಾಕರಿ ಎಂದರೇನೆಂದು ಕೇಳಿದರೆ ಝುಣಕ ರೊಟ್ಟಿಯೆಂದು ಹೇಳಿಬಿಡಿ. ಪೂರಣಪೋಳಿ ನಮ್ಮ ಹೋಳಿಗೆಯೇ. ಇವನ್ನು ಊರಿನಿಂದ ಬಂದವರಿಗೆ ಹೋಟೆಲಿನಲ್ಲಿ ಕೊಡಿಸುವುದು ಕೊಲ್ಲಾಪುರಕ್ಕೆ ಬೆಲ್ಲ ಹೊತ್ತಂತೆ.

ಊರಲ್ಲಿ ಸಿಗದಿರುವುದು ಮಸ್ತಾನಿ. ಗಟ್ಟಿಯಾದ ಹಾಲಿನ ಪಾನಕದ ಮೇಲೆ ಐಸ್‌ಕ್ರೀಮು ಕೂರಿಸಿದ ಈ ಉದ್ದನೆಯ ಲೋಟಕ್ಕೆ ಬಾಜಿರಾಯನ ಪ್ರಿಯೆಯ ಹೆಸರು. ಬೇಸಿಗೆಯಲ್ಲಿ ಮಾವಿನ ಮಸ್ತಾನಿಯನ್ನು ಸದಾಶಿವ ಪೇಟೆಯ ಸುಜಾತಾದಲ್ಲಿ ಕುಡಿಯಬೇಕು. ಡೆಕ್ಕನ್ನಿನ ಕೆಫೆ ಗುಡ್‌ಲಕ್‌ನಲ್ಲಿ ಬನ್ ಮಸ್ಕಾ ಮತ್ತು ಇರಾಣಿ ಚಹಾ. ಕ್ಯಾಂಪಿನಲ್ಲಿ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು. ಇದಕ್ಕೆ ತಡವಾಗಿ ಹೋದವರಿಗೆ ಬರಿಗೈ.

ಲಕ್ಷ್ಮೀ ರಸ್ತೆ, ತುಳಶೀಬಾಗ, ತಾಂಬಟ ಆಳಿ

ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಗಳಲ್ಲಿ ನೆಂಟರಿಗೆ ಮೊದಲು ತೋರಿಸುವುದು ಹಲವು ವೇಳೆ ‘ಇರಕಲ್’ ಸೀರೆಯನ್ನು. ಅದು ನಮ್ಮ ಇಳಕಲ್ಲೇ. ಕುಪ್ಪಸದ ಖಣವೂ ಗುಳೇದಗುಡ್ಡದ ಕಡೆಯಿಂದ ಬಂದದ್ದು. ಬಾಗಲಕೋಟೆಯ ಸೋದರತ್ತೆ ತನ್ನ ಊರಿನ ಸೀರೆಯನ್ನು ಪುಣೆಯ ಬೆಲೆಗೆ ಕೊಂಡು ಹೋಗುವುದು ಬೇಡವಷ್ಟೇ. ಇಲ್ಲಿ ಕೊಳ್ಳಬೇಕಾದದ್ದು ಯೇವಲೆಯಲ್ಲಿ ನೇಯುವ ಪೈಠಣಿ. ಕೈಮಗ್ಗದ್ದನ್ನು ಗುರುತಿಸಲು ಸೆರಗನ್ನು ತಿರುಗಿಸಿ ನೋಡಿರಿ. ನೆಯ್ಗೆ ಎರಡೂ ಬದಿಗೆ ಒಂದೇ ತೆರನಾಗಿ, ಹಿಂದೆ ನೂಲು ಜೋತಾಡದೆ ಇರಬೇಕು. ಬೆಲೆ ಹೆಚ್ಚು. ಯಂತ್ರದ್ದನ್ನೇ ಕೊಳ್ಳುವುದಾದರೂ ತಿಳಿದು ಕೊಳ್ಳುವುದು ಒಳ್ಳೆಯದು.

ಮಂಡಯಿ ನಿಲ್ದಾಣದ ಸನಿಹವೇ ತುಳಶೀಬಾಗ. ನಡುವೆ ಪೇಶ್ವೆಕಾಲದ ರಾಮಮಂದಿರ, ಸುತ್ತ ಓಣಿಗಳ ತುಂಬ ಬಳೆ, ಕಿವಿಯೋಲೆ, ಪೂಜೆಯ ಹಿತ್ತಾಳೆ ಸಾಮಾನು, ದೇವರ ಪುಟ್ಟ ಉಡುಪುಗಳು. ಹೆಣ್ಣುಮಕ್ಕಳ ಆಟಕ್ಕೆ ‘ಭಾತುಕಲಿ’ ಎಂಬ ಪುಟಾಣಿ ಅಡುಗೆಪಾತ್ರೆಗಳ ಜೋಡಣೆ ಸಿಗುತ್ತದೆ. ಉಡುಗೊರೆಗೆ ನಾವು ಮೊದಲು ಹೇಳುವುದು ಇದನ್ನೇ. ಚೌಕಾಸಿ ಇಲ್ಲಿ ಸಲ್ಲುತ್ತದೆ. ದೊಡ್ಡ ಅಂಗಡಿಗಳಲ್ಲಿ ಸಲ್ಲದು, ಕೇಳಿದರೆ ಪುಣೇರಿ ಉತ್ತರ ಸಿಗುತ್ತದೆ. ತಾಮ್ರದ ಹಂಡೆ, ತಂಬಿಗೆ ಬೇಕೆನ್ನುವವರು ಕಸಬಾ ಪೇಟೆಯ ತಾಂಬಟ ಆಳಿಗೆ ಹೋಗಬೇಕು. ಸುತ್ತಿಗೆಯ ಗುರುತು ಸಾಲುಸಾಲಾಗಿ ಹೊಳೆಯುವ ಕೈಗೆಲಸ ಅಲ್ಲಿ ಇನ್ನೂ ಉಳಿದಿದೆ, ಕೈಗಳ ಸಂಖ್ಯೆ ಮಾತ್ರ ಇಳಿದಿದೆ.

ಗಣೇಶೋತ್ಸವದ ಹತ್ತು ದಿನ ಇದೇ ಓಣಿಗಳಲ್ಲಿ ಕಾಲಿಡಲು ತೆರಪಿರುವುದಿಲ್ಲ. ಕಸಬಾ, ತಾಂಬಡಿ ಜೋಗೇಶ್ವರಿ, ಗುರುಜಿ ತಾಲೀಮ್, ತುಳಶೀಬಾಗ, ಕೇಸರಿವಾಡೆ ಎಂಬ ಐದು ಮಾನದ ಗಣಪತಿಗಳನ್ನೂ ದಗಡೂಶೇಠ್ ಹಲವಾಯಿ ಗಣಪತಿಯನ್ನೂ ಮಕ್ಕಳು ಹಿರಿಯರೊಡನೆ ನೋಡುವುದಾದರೆ ಬೆಳಗ್ಗೆಯೇ ಮುಗಿಸಬೇಕು. ಮಕ್ಕಳ ಜೇಬಿನಲ್ಲಿ ಮನೆಯ ಫೋನ್ ಸಂಖ್ಯೆಯ ಚೀಟಿ ಇರಲಿ. ಒಂದು ಹಗಲೂ ಒಂದು ರಾತ್ರಿಯೂ ಮೀರಿ ನಡೆಯುವ ವಿಸರ್ಜನೆಯ ಮೆರವಣಿಗೆಗೆ ಹಿರಿಯರನ್ನು ಕರೆದೊಯ್ಯದಿರುವುದೇ ಮೇಲು.

ಮಳೆಗಾಲದ ಒಂದು ಮಾತು

ಜೂನಿನಲ್ಲಿ ಬರುವ ನೆಂಟರು ಜಲಪಾತ ನೋಡಬೇಕೆನ್ನುತ್ತಾರೆ. ಇಲ್ಲಿ ನಾವು ಸ್ಪಷ್ಟವಾಗಿ ಹೇಳಬೇಕಾದದ್ದಿದೆ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ವಿಹಾರಕ್ಕೆ ಹೋದ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರಲ್ಲಿ ನಾಲ್ವರು ಮಕ್ಕಳು. ಮರುವರ್ಷ, 2025ರ ಜೂನ್ 15ರ ಭಾನುವಾರ, ತಳೇಗಾವದ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ ಜನಭಾರಕ್ಕೆ ಕುಸಿದು ನಾಲ್ವರು ತೀರಿಕೊಂಡರು. ಎರಡೂ ಕಡೆ ಸೇರಿದ್ದವರು ನಮ್ಮ ನಿಮ್ಮಂತೆ ರಜೆಯ ದಿನ ಹೊರಟವರು. ಘಟ್ಟದ ಮೇಲೆ ಮಳೆ ಸುರಿದರೆ ಕೆಳಗಿನ ತೊರೆ ಕೆಲವೇ ನಿಮಿಷಗಳಲ್ಲಿ ಏರುತ್ತದೆ, ನಿಂತವರ ತಲೆಯ ಮೇಲೆ ಹನಿ ಬೀಳದಿದ್ದರೂ. ಮಕ್ಕಳಿರುವಾಗ ನೀರಿಗಿಳಿಯುವುದು, ತೂಗಾಡುವ ಸೇತುವೆಯ ಮೇಲೆ ಗುಂಪಾಗಿ ನಿಂತು ಫೋಟೊ ತೆಗೆಸುವುದು ಬೇಡ. ಜಿಲ್ಲಾಡಳಿತ ನಿರ್ಬಂಧ ಹೇರಿದ ದಿನ ನೆಂಟರು ಎಷ್ಟೇ ಒತ್ತಾಯಿಸಿದರೂ ಇಲ್ಲವೆನ್ನಿರಿ. ಇಲ್ಲಿಯ ಮಳೆಯನ್ನು ಬಲ್ಲವರು ನಾವು, ಅವರಲ್ಲ.

ಬದಲಿಗೆ ಸಿಂಹಗಡವಿದೆ. ನಗರದಿಂದ ಸುಮಾರು 30 ಕಿಲೋಮೀಟರು. 1670ರ ಫೆಬ್ರುವರಿಯಲ್ಲಿ ತಾನಾಜಿ ಮಾಲುಸರೆ ಪ್ರಾಣವಿತ್ತು ಗೆದ್ದ ಕೋಟೆ. ವಾಹನ ಮೇಲಿನವರೆಗೆ ಹೋಗುತ್ತದೆ. ಬಿಸಿ ಈರುಳ್ಳಿ ಭಜಿ, ಮಣ್ಣಿನ ಕುಡಿಕೆಯ ಮೊಸರು ಅಲ್ಲಿಯ ವಿಶೇಷ. ಶನಿವಾರ ಭಾನುವಾರ ಘಾಟಿಯಲ್ಲಿ ವಾಹನಗಳ ಸಾಲು ನಿಲ್ಲುವುದರಿಂದ ವಾರದ ನಡುವಿನ ಮುಂಜಾನೆ ಉತ್ತಮ. ತೀರ ಚಿಕ್ಕ ಮಕ್ಕಳಿಗೆ ಕಾತ್ರಜದ ಪ್ರಾಣಿಸಂಗ್ರಹಾಲಯ ಸಾಕು. ಅದಕ್ಕೆ ಬುಧವಾರ ರಜೆ.

ಹೊರಡುವ ದಿನದ ಗಂಟಿಗೆ ಚಿತಳೆಯವರ ಬಾಕರವಡಿ ಇರಲೇಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವ ಅಂಗಡಿ ಎಂದು ಊರೆಲ್ಲ ನಗುತ್ತಿತ್ತು, 2017ರಲ್ಲಿ ಅವರು ಆ ರೂಢಿ ಬಿಟ್ಟರು. ಏಪ್ರಿಲ್, ಮೇ ತಿಂಗಳಾದರೆ ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಹಾಪೂಸಿನ ಪೆಟ್ಟಿಗೆ. ಅಲ್ಲಿ ರತ್ನಾಗಿರಿ, ದೇವಗಡದ ಹಣ್ಣಿನ ಜೊತೆಗೆ ‘ಕರ್ನಾಟಕ ಹಾಪೂಸ್’ ಎಂಬುದೂ ಕಡಿಮೆ ಬೆಲೆಗೆ ಬರುತ್ತದೆ. ಧಾರವಾಡದವರಿಗೆ ಕೊಡುವ ಪೆಟ್ಟಿಗೆಯ ಮೇಲೆ ಯಾವ ಊರಿನ ಹೆಸರಿದೆ ಎಂದು ಒಮ್ಮೆ ಓದಿಕೊಂಡೇ ಹಣ ಕೊಡಿರಿ.